ಕಾರ್ಡಿನ ಮೂರನೆಯ ಚೌಕ

ಟಿಬೆಟ್ಸ್ ಕೋವ್, ಮೇನ್
ಭಾನುವಾರ, ಏಪ್ರಿಲ್ 13, 2025

ವೇಡ್,

ನೀನು ಕ್ಷೇಮವಾಗಿದ್ದೀಯ ಎಂದು ನಂಬಿ ಈ ಕಾಗದ ಬರೆಯುತ್ತಿದ್ದೇನೆ. ಇದು ಉಪಚಾರಕ್ಕೆ ಬರೆದ ಮಾತಲ್ಲ. ನೀನು ಬದುಕಿರುವುದು ನಮಗೆ ಈಗ ನಿಜವಾಗಿಯೂ ಬೇಕಾಗಿದೆ, ಅದೂ ಮೇ ಒಂದನೆಯ ತಾರೀಖಿನ ಒಳಗೆ.

ಮೊದಲನೆಯ ಹಾಳೆಯಲ್ಲಿ "ಪ್ರೀತಿಯ ವೇಡ್" ಎಂದು ಬರೆದಿದ್ದೆ. ಕೈ ಹಳೆಯ ಅಭ್ಯಾಸದಿಂದ ಬರೆದುಬಿಟ್ಟಿತು. ಆ ಹಾಳೆ ಒಲೆಗೆ ಹೋಯಿತು. ವಿಳಾಸ ಕೊಟ್ಟದ್ದಕ್ಕೆ ನಿನ್ನ ತಂಗಿಯನ್ನು ಬೈಯಬೇಡ. ಬೆವ್‌ಳ ಮನೆಯ ಮೆಟ್ಟಿಲ ಮೇಲೆ ಎರಡು ಸಂಜೆ ಕೂತು ಕೇಳಿದೆ. "ಅಣ್ಣನಿಗೆ ಮಾತು ಕೊಟ್ಟಿದೀನಿ ಕಣೇ ಲೋರ್ನಾ, ಯಾರಿಗೂ ಹೇಳಲ್ಲ ಅಂತ" ಎಂದಳು. "ನಿಮ್ಮಣ್ಣ ನನಗೂ ಒಂದು ಮಾತು ಕೊಟ್ಟಿದ್ದ, ಚರ್ಚಲ್ಲಿ, ನೂರು ಜನದ ಎದುರಿಗೆ" ಎಂದೆ. ಆಮೇಲೆ ಎದ್ದು ಒಳಗೆ ಹೋಗಿ ಚೀಟಿ ತಂದಳು.

ಕೆಲಸದ ಮಾತು ಮೊದಲು. ಲಕೋಟೆಯೊಳಗೆ ಎರಡು ಕಾಗದಗಳಿವೆ. ಒಂದು, ಕಾಲೇಜಿನ ಹಣದ ನೆರವಿಗಾಗಿ ಮಗುವಿನ ಜೊತೆ ವಾಸವಿಲ್ಲದ ತಂದೆ ತುಂಬಬೇಕಾದ ಫಾರಂ, ಏಳು ಪುಟ. ಇನ್ನೊಂದು ಖಾಲಿ ಹಾಳೆ. ಅದರಲ್ಲಿ ನೀನು ಕೈಯಾರೆ ಬರೆಯಬೇಕು: ನೀನು ಯಾರು, ಎಲ್ಲಿದ್ದೀಯ, ಕೋರಾ ನಿನ್ನ ಮಗಳು, ನೀನು ಬದುಕಿದ್ದೀಯ. ಕೊನೆಯದನ್ನು ಬಿಡಬೇಡ, ಅದೇ ಮುಖ್ಯ. ನೋಟರಿಯ ಎದುರಿಗೆ ಸಹಿ ಹಾಕಿ, ಎರಡನ್ನೂ ಬಂದರಿನ ಕಚೇರಿಯಿಂದ ಫ್ಯಾಕ್ಸ್ ಮಾಡಿಸು. ನಂಬರನ್ನು ಫಾರಮ್ಮಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ನಿನ್ನ ಸಂಪಾದನೆ ಎಷ್ಟು ಎಂದು ಕೇಳುವ ಪುಟ ಕಾಲೇಜಿನವರ ಕಣ್ಣಿಗೆ ಮಾತ್ರ ಬೀಳುತ್ತದೆ, ನನಗಾಗಲಿ ಸರ್ಕಾರದವರಿಗಾಗಲಿ ತೋರಿಸುವುದಿಲ್ಲ. ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ, ಏಕೆಂದರೆ ನೀನು ಅದೊಂದೇ ನೆವ ಹಿಡಿದು ಫಾರಮ್ಮನ್ನು ಸಮುದ್ರಕ್ಕೆ ಎಸೆಯುವವನು ಎಂದು ಗೊತ್ತು.

ನಿನ್ನ ಫೋನಿಗೆ ಬೆವ್ ಏಳು ಸಲ ಮಾಡಿದಳು. ಸಂದೇಶದ ಡಬ್ಬಿ ತುಂಬಿದೆ ಎಂದೇ ಏಳು ಸಲವೂ ಹೇಳಿತು. ನಿನ್ನ ಬೋಟು ಇಪ್ಪತ್ತೆರಡರ ಹೊತ್ತಿಗೆ ಆ ಅಲಾಸ್ಕಾದ ಕೋಡಿಯಾಕ್‌ಗೆ ಬರುತ್ತದಂತೆ. ಮೀನು ಬೇಗ ತುಂಬಿದರೆ ಬೇಗ, ಇಲ್ಲದಿದ್ದರೆ ತಡ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ನಿನ್ನ ಬಲೆಗೆ ಮೀನು ಬೀಳಲಿ ಎಂದು ಬೇಡಿಕೊಂಡೆ.

ಏನಾಯಿತು ಎಂದು ಈಗ ಹೇಳುತ್ತೇನೆ. ಕೋಪ ಬಂದರೆ ಕಾಗದ ಮಡಚಿಟ್ಟು, ಒಂದು ಸುತ್ತು ತಿರುಗಾಡಿಕೊಂಡು ಬಂದು ಮತ್ತೆ ಓದು.

ಕೋರಾಗೆ ಹದಿನೇಳು ತುಂಬಿತು. ನಿನಗೆ ಗೊತ್ತು, ಪ್ರತಿ ಫೆಬ್ರವರಿ ಬೆವ್‌ಳ ಕೈಯಲ್ಲಿ ಕಾರ್ಡು ಬರುತ್ತದೆ. ಕೋರಾ ಎಲ್ಲ ಕಾರ್ಡುಗಳನ್ನೂ ಬೂಟಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಕಾರ್ಡಿನಲ್ಲಿ ನೀನು ಕೇಳುವ "ಓದು ಹೇಗಿದೆ" ಎಂಬ ಪ್ರಶ್ನೆಗೆ ಉತ್ತರ ಕಳಿಸಲು ವಿಳಾಸ ಇರುತ್ತಿರಲಿಲ್ಲ. ಆದ್ದರಿಂದ ಈಗ ಒಟ್ಟಿಗೆ ಹೇಳುತ್ತೇನೆ: ಓದು ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಎಂದರೆ, ಈ ಊರಿನವರು ಹೆಸರನ್ನು ಟೀ ಶರ್ಟಿನ ಮೇಲೆ ಮಾತ್ರ ನೋಡಿದ್ದ ಕಾಲೇಜೊಂದು ಅವಳಿಗೆ ಸೀಟು ಕೊಟ್ಟಿದೆ. ನೂರು ಮಕ್ಕಳು ಅರ್ಜಿ ಹಾಕಿದರೆ ಐವರನ್ನು ತೆಗೆದುಕೊಳ್ಳುವ ಕಾಲೇಜು. ಮಾರ್ಚ್ ಕೊನೆಯಲ್ಲಿ ಸುದ್ದಿ ಬಂತು. ನಾನು ಶಾಲೆಯ ಅಡುಗೆಮನೆಯಲ್ಲಿ ಬೀನ್ಸ್ ತಿರುವುತ್ತಿದ್ದೆ. (ಹೌದು, ಈಗ ಅಲ್ಲೇ ಕೆಲಸ. ನವೆಂಬರಿನಲ್ಲಿ ಮಾತ್ರ ಕ್ರಿಸ್‌ಮಸ್ ಮಾಲೆ ಕಟ್ಟಲು ಹೋಗುತ್ತೇನೆ.) ಅವಳು ಓಡಿ ಬಂದು ಕೂದಲ ಬಲೆ ಸಮೇತ ನನ್ನನ್ನು ತಬ್ಬಿಕೊಂಡಳು. ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆವತ್ತಿನ ಬೀನ್ಸ್ ತಳ ಹಿಡಿಯಿತು, ಯಾರೂ ದೂರಲಿಲ್ಲ.

ಅರ್ಜಿಯ ಜೊತೆ ಒಂದು ಪ್ರಬಂಧ ಕೊಡಬೇಕು, ತಮ್ಮ ಬಗ್ಗೆ ತಾವೇ ಬರೆದದ್ದು. ಕೋರಾ ಹಸಿರು ಏಡಿಗಳ ಬಗ್ಗೆ ಬರೆದಳು. ನಗಬೇಡ. ಮೂರು ವರ್ಷದಿಂದ, ಸಮುದ್ರದ ಇಳಿತದ ಹೊತ್ತಿಗೆ ನಮ್ಮ ಮನೆಯ ಹಿಂದಿನ ಕೆಸರುಗಡ್ಡೆಗೆ ಇಳಿದು, ಕಪ್ಪೆಚಿಪ್ಪುಗಳನ್ನು ಆ ಏಡಿಗಳು ಎಷ್ಟು ತಿಂದವು ಎಂದು ಎಣಿಸಿ ಬರೆದಿಟ್ಟಿದ್ದಾಳೆ. ಮಂಜು ಬಿದ್ದ ದಿನವೂ ಹೋಗಿದ್ದಾಳೆ. ಹಳೆಯ ಬಲೆ ಹೊದಿಸಿದ ಜಾಗದಲ್ಲಿ ಚಿಪ್ಪು ಉಳಿಯುತ್ತದೆ, ಹೊದಿಸದ ಕಡೆ ಉಳಿಯುವುದಿಲ್ಲ ಎಂದು ಊರಿನ ಸಭೆಯಲ್ಲಿ ಎದ್ದು ನಿಂತು ಹೇಳಿದಳು. ನಿನ್ನ ಹಳೆಯ ಗೆಳೆಯ ಹಾರ್ಲನ್ "ಏಡಿ ಮೇಷ್ಟ್ರು ಬಂದ್ರು, ದಾರಿ ಬಿಡ್ರಪ್ಪಾ" ಎಂದು ಅಣಕಿಸಿದ. ಈ ವರ್ಷ ಅವನ ಗಡ್ಡೆಯ ಮೇಲೂ ಬಲೆ ಬಿದ್ದಿದೆ.

ಶಾಲೆಯ ಸಲಹೆಗಾರ ಮಿಸ್ಟರ್ ಗ್ರೀಲಿ. ಕಾಲೇಜಿನ ಅರ್ಜಿಗಳನ್ನೆಲ್ಲ ಅವನೇ ನೋಡಿಕೊಳ್ಳುವುದು. ಹೊರಗಿನವನು, ಕನೆಕ್ಟಿಕಟ್ ಕಡೆಯವನು, ಬಂದು ಎರಡು ವರ್ಷವಾಯಿತು. ಎರಡು ಶಾಲೆಗೆ ಒಬ್ಬನೇ. ಒಳ್ಳೆಯ ಮನುಷ್ಯ ವೇಡ್, ಇದನ್ನು ನೆನಪಿಟ್ಟುಕೊಂಡು ಮುಂದೆ ಓದು. ಕೋರಾಳ ಪ್ರಬಂಧ ನೋಡಿ ಅವನು ಹೇಳಿದನಂತೆ: "ಬರವಣಿಗೆ ಚೆನ್ನಾಗಿದೆ ಕೋರಾ, ಆದ್ರೆ ಇದ್ರಲ್ಲಿ ನೀನೇ ಇಲ್ವಲ್ಲ. ಅಲ್ಲಿ ಕೂತು ಓದೋರಿಗೆ ನಿನ್ನ ಕಷ್ಟ ಕಾಣ್ಬೇಕು. ಮನೆ ವಿಷಯ ಒಂದು ಸ್ವಲ್ಪ ಹಾಕು." ಇವಳು ಹಾಕಲಿಲ್ಲ. "ನನ್ನ ಮನೇಲಿ ಏನಿದೆ ಸಾರ್, ಅಮ್ಮ ಇದಾಳೆ, ಒಲೆ ಇದೆ" ಎಂದು ಹೇಳಿ ಬಂದಳು. ಆ ಹಟ ಯಾರದು ಎಂದು ನಾನು ಹೇಳಬೇಕಿಲ್ಲ.

ಪ್ರಬಂಧದ ಜೊತೆಗೆ ಸಲಹೆಗಾರನೂ ಒಂದು ಪತ್ರ ಬರೆಯುತ್ತಾನೆ. ಅದನ್ನು ಮಕ್ಕಳು ನೋಡುವ ಹಾಗಿಲ್ಲ. ನೋಡುವ ಹಕ್ಕು ಬಿಟ್ಟಿದ್ದೇನೆ ಎಂದು ಅರ್ಜಿಯಲ್ಲಿ ಗುರುತು ಹಾಕಬೇಕು, ಹಾಕದಿದ್ದರೆ ಕಾಲೇಜಿನವರಿಗೆ ಅನುಮಾನ ಬರುತ್ತದಂತೆ. ಕೋರಾ ಹಾಕಿದಳು, ನಾನು ಸಹಿ ಮಾಡಿದೆ. ಗ್ರೀಲಿ ಏನು ಬರೆದನೆಂದು ನಮಗೆ ಗೊತ್ತಿರಲಿಲ್ಲ.

ಹೋದ ಮಂಗಳವಾರ ಗೊತ್ತಾಯಿತು. ಊಟದ ಗಂಟೆ, ಚಿಕನ್ ಪ್ಯಾಟಿಯ ದಿನ, ಉದ್ದ ಸಾಲು. ಕೋರಾ ಸಾಲು ಮುರಿದು ಮುಂದೆ ಬಂದಳು, ಕೈಯಲ್ಲಿ ಫೋನು. ಮುಖ ಬಿಳಿಚಿಕೊಂಡಿತ್ತು.

"ಅಮ್ಮ, ಅಪ್ಪ ಯಾವಾಗ ಸತ್ತಿದ್ದು?" ಎಂದು ಕೇಳಿದಳು.

ನಿನ್ನ ಬೋಟು ಮುಳುಗಿತು ಎಂದೇ ಅಂದುಕೊಂಡೆ. ಕೈಯಲ್ಲಿದ್ದ ಚಿಮಟ ಕೆಳಗೆ ಬಿತ್ತು. ಅಷ್ಟು ಹೆದರಿದೆನಲ್ಲ ಎಂದು ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು, ಅದು ಬೇರೆ ಮಾತು. ಅವಳು ಫೋನು ತೋರಿಸಿದಳು. ಕಾಲೇಜಿನ ಹಣದ ನೆರವಿನ ಕಚೇರಿಯಿಂದ ಪತ್ರ. ನಿಮ್ಮ ಅರ್ಜಿಯಲ್ಲಿ ತಂದೆ ಬೇರೆ ಕಡೆ ಇದ್ದಾರೆ ಎಂದಿದೆ, ಶಾಲೆಯ ಪತ್ರದಲ್ಲಿ ತಂದೆಯನ್ನು ಚಿಕ್ಕವಯಸ್ಸಿನಲ್ಲೇ ಸಮುದ್ರದಲ್ಲಿ ಕಳೆದುಕೊಂಡ ಹುಡುಗಿ ಎಂದಿದೆ. ಬದುಕಿದ್ದರೆ ಅವರ ಫಾರಂ ಬೇಕು, ತೀರಿಕೊಂಡಿದ್ದರೆ ಮರಣಪತ್ರ ಬೇಕು. ಎರಡರಲ್ಲಿ ಒಂದು ಮೇ ಒಂದರೊಳಗೆ ಬರದಿದ್ದರೆ ನೆರವಿಲ್ಲ. ನೆರವಿಲ್ಲದಿದ್ದರೆ ನಮಗೆ ಆ ಕಾಲೇಜಿನ ಬಾಗಿಲ ತನಕ ಬಸ್ಸಿನಲ್ಲಿ ಹೋಗಿ ನೋಡಿ ಬರುವುದಷ್ಟೇ ಉಳಿಯುತ್ತದೆ.

ಏಪ್ರನ್ ಬಿಚ್ಚದೆ ಅವಳ ಹಿಂದೆ ಗ್ರೀಲಿಯ ಕೋಣೆಗೆ ಹೋದೆ. ಅವನು ಗಾಬರಿಯಾಗಿ ಎದ್ದು ನಿಂತ. ಬಂದರುಕಟ್ಟೆಯಲ್ಲಿ ಮುಳುಗಿದವರ ಹೆಸರು ಕೆತ್ತಿದ ಕಲ್ಲಿದೆಯಲ್ಲ, ಅದರಲ್ಲಿ ನಮ್ಮ ಮನೆತನದ ಐದು ಜನ ಡೆನ್‌ಬೋಗಳಿದ್ದಾರೆ. ನಿಮ್ಮ ಅಪ್ಪ, ಚಿಕ್ಕಪ್ಪ, ಅವರ ಮಕ್ಕಳು. ಅದರಲ್ಲೊಬ್ಬ ಕೋರಾಳ ಅಪ್ಪನೇ ಎಂದು ಅವನು ತಿಳಿದಿದ್ದ. ಈ ಊರಿನವರ್ಯಾರೂ ಮಾಡುವ ತಪ್ಪಲ್ಲ ಅದು. ಇಲ್ಲಿ ಅರ್ಧ ಊರಿಗೆ ಒಂದೇ ಮನೆತನದ ಹೆಸರು. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಆದರೆ ಇಂಥದ್ದನ್ನು ಕೇಳಬಾರದು ಎಂದು ಅವನ ಮರ್ಯಾದೆ.

"ಬರೀ ಕಲ್ಲು ನೋಡಿ ಬರೆದ್ರಾ ಸಾರ್?" ಎಂದು ಕೋರಾ ಕೇಳಿದಳು.

"ಇಲ್ಲಮ್ಮ, ನಿನ್ನ ದಾಖಲಾತಿ ಕಾರ್ಡಲ್ಲೇ ಹಾಗಿತ್ತು" ಎಂದು ಅವನು ಕಪಾಟಿನಿಂದ ಕಾರ್ಡು ತೆಗೆದ.

ವೇಡ್, ಆ ಕಾರ್ಡು ನಾನು ತುಂಬಿದ್ದು. ನೀನು ಹೋದದ್ದು ಜೂನ್‌ನಲ್ಲಿ, ಕೋರಾ ಒಂದನೆಯ ತರಗತಿಗೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ತಂದೆ ಎಂಬಲ್ಲಿ ಮೂರು ಚೌಕಗಳು. ಮನೆಯಲ್ಲಿದ್ದಾರೆ. ಬೇರೆ ಕಡೆ ಇದ್ದಾರೆ. ಮೃತರು. ನಾನು ಮೂರನೆಯ ಚೌಕಕ್ಕೆ ಗುರುತು ಹಾಕಿದ್ದೆ. ನನ್ನ ಕೈಯದೇ ಓರೆ ಗೀಟು, ನೀಲಿ ಶಾಯಿ. ಅದು ಕಾರ್ಡಿನಿಂದ ಕಂಪ್ಯೂಟರಿಗೆ ಹೋಯಿತು, ಹನ್ನೊಂದು ವರ್ಷ ಅಲ್ಲೇ ಕೂತಿತ್ತು.

ಯಾಕೆ ಎಂದು ಕೋರಾ ಕೇಳಿದಳು. ಗಂಡ ಬಿಟ್ಟುಹೋದ ಎಂದು ಬರೆದರೆ ಸರ್ಕಾರದವರು ಮಗುವಿನ ಖರ್ಚಿಗೆ ಅವನ ಬೆನ್ನು ಹತ್ತುತ್ತಾರೆ, ಲೈಸೆನ್ಸ್ ಕಿತ್ತುಕೊಂಡರೆ ಅವನು ಮೀನು ಹಿಡಿಯುವುದಾದರೂ ಹೇಗೆ, ಅದಕ್ಕೇ ನಿನ್ನಪ್ಪನನ್ನು ಉಳಿಸಲು ಬರೆದೆ ಎಂದೆ. ಅದು ಪೂರ್ತಿ ನಿಜವಲ್ಲ. ಎರಡನೆಯ ಚೌಕದ ಕೆಳಗೆ ನಾಲ್ಕು ಗೆರೆಗಳಿದ್ದವು. ವಿಳಾಸ, ಫೋನು, ಕೆಲಸ, ಕೊನೆಯ ಸಲ ಮಗುವನ್ನು ನೋಡಿದ ದಿನ. ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಹಿಂದೆ ಸಾಲಿನಲ್ಲಿ ಆರೇಳು ಜನ ತಾಯಂದಿರು, ಎಲ್ಲರಿಗೂ ನಮ್ಮ ಮನೆಯ ಸುದ್ದಿ ಗೊತ್ತು, ಎಲ್ಲರೂ ನನ್ನ ಭುಜದ ಮೇಲಿನಿಂದ ನೋಡುತ್ತಿರುವ ಹಾಗೆ ಅನಿಸಿತು. ಮೂರನೆಯ ಚೌಕದ ಕೆಳಗೆ ಏನೂ ತುಂಬಬೇಕಿರಲಿಲ್ಲ. ಕಾರ್ಡು ತೆಗೆದುಕೊಂಡ, ಆಗಿನ ಶಾಲೆಯ ಗುಮಾಸ್ತೆ ಮಿಸೆಸ್ ಲೂಸಿಗೂ ನೀನು ಬದುಕಿರುವುದು ಗೊತ್ತಿತ್ತು. ಆ ಗುರುತನ್ನು ನೋಡಿದಳು, ನನ್ನ ಮುಖ ನೋಡಿದಳು, ಮುದ್ರೆ ಒತ್ತಿದಳು.

ಆ ಬೇಸಿಗೆಯಲ್ಲೇ ನಮ್ಮೂರಿನ ಲೈಲ್ ಬೋಟಿನಿಂದ ಬಿದ್ದು ಮುಳುಗಿ ಸತ್ತ, ಬೆವ್ ನಿನಗೆ ತಿಳಿಸಿರಬೇಕು. ನೀನು ಹೊರಟ ಮೂರನೆಯ ವಾರ. ಅವನ ಹೆಂಡತಿಯ ಮನೆಗೆ ಒಂದು ತಿಂಗಳು ಊಟ ಹೋಯಿತು. ಮೀನಿನ ಸಾರು, ಮ್ಯಾಕರೋನಿ, ಬ್ಲೂಬೆರಿ ಕಡುಬು, ಪಾತ್ರೆಯ ತಳಕ್ಕೆ ಕೊಟ್ಟವರ ಹೆಸರಿನ ಪಟ್ಟಿ ಅಂಟಿಸಿ. ನಾನೂ ಒಂದು ಪಾತ್ರೆ ಕೊಟ್ಟು ಬಂದೆ. ನಮ್ಮ ಮನೆಗೆ ಯಾರೂ ಏನೂ ತರಲಿಲ್ಲ. ಗಂಡ ಓಡಿಹೋದವಳಿಗೆ ಯಾವ ಅಡುಗೆ ಒಯ್ಯಬೇಕೆಂದು ಈ ಊರಿಗೆ ಗೊತ್ತಿಲ್ಲ.

ಇರಲಿ. ಕೋರಾ ಕಾರ್ಡನ್ನು ಮೇಜಿನ ಮೇಲಿಟ್ಟು ಗ್ರೀಲಿಯನ್ನು ಕೇಳಿದಳು: "ನೀವು ಆ ಪತ್ರ ಬರೀದೇ ಇದ್ದಿದ್ರೆ ನನ್ನ ತಗೋತಿದ್ರಾ?"

"ಒಂದೇ ಕಾರಣಕ್ಕೆ ಯಾರನ್ನೂ ತಗೊಳ್ಳಲ್ಲ ಕೋರಾ."

"ಅದಲ್ಲ ಸಾರ್ ನಾ ಕೇಳಿದ್ದು."

ಅವನು ಕನ್ನಡಕ ತೆಗೆದು ಹೇಳಿದ: "ಗೊತ್ತಿಲ್ಲಮ್ಮ. ಅಲ್ಲಿಗೆ ಬರೋ ಮಕ್ಕಳೆಲ್ಲ ಜಾಣರೇ. ಹೆಸರೂ ಕೇಳಿರದ ಊರಿನ ಒಂದು ಶಾಲೆಯಿಂದ ಬಂದ ಅರ್ಜಿ ಅವರ ಕಣ್ಣಿಗೆ ಬೀಳ್ಲಿ ಅಂತ ಬರೆದೆ." ಆಮೇಲೆ ನನ್ನ ಕಡೆ ತಿರುಗಿ, ಮೇ ಒಂದು ಕಳೆದು ಸೀಟು ಖಚಿತವಾಗಲಿ, ತಿದ್ದುವುದನ್ನು ನಿಧಾನವಾಗಿ ತಿದ್ದೋಣ, ಅಲ್ಲಿಯವರೆಗೆ ತಂದೆ ಕೈಗೆ ಸಿಗುತ್ತಿಲ್ಲ ಎಂದು ತಾನೇ ಬರೆದುಕೊಡುತ್ತೇನೆ ಎಂದ. ನನಗೆ ಜೀವ ಬಂದ ಹಾಗಾಯಿತು. ಕೋರಾ ಎದ್ದು ಹೋದಳು.

ಬುಧವಾರ ಡಾಕ್ಟರ ಹೆಂಡತಿ ಮಿಸೆಸ್ ವಿನ್‌ಸ್ಲೋ ಅಡುಗೆಮನೆಗೆ ಬಂದಳು, ಶನಿವಾರದ ಕೇಕ್ ಮಾರಾಟಕ್ಕೆ ಒಲೆ ಬೇಕೆಂದು. ಅವಳ ಮಗ ಆಶ್ಬಿಯೂ ಅದೇ ಕಾಲೇಜಿಗೆ ಹಾಕಿದ್ದ, ಕಾಯುವವರ ಪಟ್ಟಿಯಲ್ಲಿದ್ದಾನೆ. "ನಿಮ್ಮ ಕೋರಾಗೆ ಸಿಕ್ಕಿದ್ದು ನಂಗೆ ಖುಷಿನೇ ಲೋರ್ನಾ. ಈಗೆಲ್ಲಾ ಕಷ್ಟದ ಕಥೆ ಇರೋರಿಗೇ ಸೀಟು. ನಮ್ಮ ಹುಡುಗನ ಗ್ರಹಚಾರ ನೋಡು, ಮನೇಲಿ ಅಪ್ಪ ಅಮ್ಮ ಇಬ್ರೂ ಇದೀವಿ!" ಎಂದು ನಕ್ಕಳು.

ಬೇರೆ ದಿನವಾಗಿದ್ದರೆ ನನ್ನ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು. ಆಶ್ಬಿಯ ಪ್ರಬಂಧವನ್ನು ಬಾಸ್ಟನ್ನಿನ ಒಬ್ಬಳು ದುಡ್ಡು ತೆಗೆದುಕೊಂಡು ಹದಿನಾಲ್ಕು ಸಲ ತಿದ್ದಿದ್ದಾಳೆ. ಪ್ರವೇಶ ಪರೀಕ್ಷೆಯನ್ನು ನಾಲ್ಕು ಸಲ ಬರೆದಿದ್ದಾನೆ. ಆ ಕಾಲೇಜನ್ನು ಮೂರು ಸಲ ನೋಡಿ ಬಂದಿದ್ದಾನೆ, ನೋಡಲು ಬಂದವರ ಹೆಸರನ್ನೂ ಅವರು ಬರೆದಿಟ್ಟುಕೊಳ್ಳುತ್ತಾರಂತೆ. ಅವನ ಅಜ್ಜ ಅಲ್ಲೇ ಓದಿದವನು. ಅದೆಲ್ಲ ನ್ಯಾಯವಾದದ್ದು, ನಮ್ಮ ಹುಡುಗಿಗೆ ಒಬ್ಬ ಸತ್ತ ಅಪ್ಪ ಇದ್ದರೆ ಅನ್ಯಾಯ. ಇಷ್ಟನ್ನೂ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಆ ಸತ್ತ ಅಪ್ಪ ನಮಗೆ ಇರಲಿಲ್ಲವಲ್ಲ. ಅಡುಗೆಮನೆಯ ಕೀಲಿ ಕೊಟ್ಟು ಕಳಿಸಿದೆ.

ಗುರುವಾರ ಕಾಲೇಜಿನ ನೆರವಿನ ಕಚೇರಿಯಿಂದ ಒಬ್ಬ ಹೆಂಗಸು ನನಗೇ ಫೋನು ಮಾಡಿದಳು, ಅಡುಗೆಮನೆಯ ಗೋಡೆಯ ಫೋನಿಗೆ. ತುಂಬಾ ಮೆತ್ತಗಿನ ದನಿ. ಆ ಪತ್ರದಲ್ಲಿರುವುದು ತಪ್ಪು, ನನ್ನ ಗಂಡ ಬದುಕಿದ್ದಾನೆ, ಅಲಾಸ್ಕಾದಲ್ಲಿದ್ದಾನೆ, ಫಾರಂ ಕಳಿಸುತ್ತೇನೆ ಎಂದು ನೆಟ್ಟಗೆ ಹೇಳಿ ಇಟ್ಟೆ. ಆ ಸಂಜೆಯೇ ಬೆವ್‌ಳ ಮೆಟ್ಟಿಲ ಮೇಲೆ ಹೋಗಿ ಕೂತದ್ದು.

ಇವತ್ತು ಬೆಳಿಗ್ಗೆ ಕೋರಾ ತಿಂಡಿಯ ಮೇಜಿಗೆ ಬಂದು ಕೂತಳು. ಐದು ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದಳು.

"ಅಮ್ಮ, ನಾನು ಅವರಿಗೆ ಬರೆದುಬಿಟ್ಟೆ."

"ಏನಂತ?"

"ಓದ್ತೀನಿ ಕೇಳು."

ನಾಲ್ಕೈದು ಸಾಲು, ಅಷ್ಟೇ. ನನ್ನ ತಂದೆ ಬದುಕಿದ್ದಾರೆ. ಶಾಲೆಯ ಪತ್ರದಲ್ಲಿರುವುದು ತಪ್ಪು, ಆ ತಪ್ಪು ನಮ್ಮ ಮನೆಯಿಂದ ಬಂದದ್ದು, ಮಿಸ್ಟರ್ ಗ್ರೀಲಿಯವರದಲ್ಲ. ದಯವಿಟ್ಟು ಆ ಪತ್ರವನ್ನು ಬದಿಗಿಟ್ಟು ನನ್ನ ಅರ್ಜಿಯನ್ನು ಇನ್ನೊಂದು ಸಲ ಓದಿ. ಏಡಿಗಳಷ್ಟೇ ಸಾಕು ಎನಿಸಿದರೆ ತೆಗೆದುಕೊಳ್ಳಿ.

ನಾನು ಕೂಗಾಡಿದೆ ವೇಡ್. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. "ಯಾರು ಕೇಳಿದ್ರು ನಿನ್ನ? ಸಿಕ್ಕಿದ ಸೀಟನ್ನ ಕೈಯಾರೆ ವಾಪಸ್ ಕೊಟ್ಟು ಬಂದ್ಯಲ್ಲೇ! ಅಲ್ಲಿಗೆ ಹೋಗೋ ಬೇರೆಯೋರೆಲ್ಲ ಸತ್ಯಹರಿಶ್ಚಂದ್ರರಾ?" ಎಂದು ಬಾಯಿಗೆ ಬಂದ ಹಾಗೆ ಅಂದೆ. ಅವಳು ರೊಟ್ಟಿಗೆ ಬೆಣ್ಣೆ ಸವರುತ್ತಲೇ ಇದ್ದಳು.

"ಅಲ್ಲಿ ನಾಲ್ಕು ವರ್ಷ ಇರ್ಬೇಕು ಅಮ್ಮ. ಯಾರಾದ್ರೂ ಪಾಪ ಅಂದಾಗೆಲ್ಲ ಅಪ್ಪನ್ನ ಸಾಯಿಸ್ತಾ ಇರೋಕೆ ನನ್ನ ಕೈಲಾಗಲ್ಲ" ಎಂದಳು. ಬೂಟು ಹಾಕಿಕೊಂಡು ಗಡ್ಡೆಗೆ ಇಳಿದಳು. ಇಳಿತ ಶುರುವಾಗಿತ್ತು. ಈ ಕಾಗದ ಬರೆಯುತ್ತಾ ಕಿಟಕಿಯಿಂದ ನೋಡುತ್ತಿದ್ದೇನೆ. ಬಗ್ಗಿ ಬಲೆ ಎತ್ತುತ್ತಿದ್ದಾಳೆ. ಬಗ್ಗುವುದು ಥೇಟ್ ನಿನ್ನ ಹಾಗೆ.

ಸೋಮವಾರ, ಏಪ್ರಿಲ್ 14

ನೆನ್ನೆ ಕಾಗದ ಮುಚ್ಚದೇ ಇದ್ದದ್ದು ಒಳ್ಳೆಯದಾಯಿತು. ಇವತ್ತು ಬೆಳಿಗ್ಗೆ ಒಂಬತ್ತಕ್ಕೇ ಕಾಲೇಜಿನಿಂದ ಉತ್ತರ ಬಂತು. ಕೋರಾಳ ಪತ್ರ ತಲುಪಿದೆ. ಅವಳ ಅರ್ಜಿ ಮತ್ತೆ ಸಮಿತಿಯ ಮುಂದೆ ಹೋಗುತ್ತದೆ, ಮೇ ಎರಡನೆಯ ತಾರೀಖು. ಅಲ್ಲಿಯವರೆಗೆ ಸೀಟು ತೆಗೆಯುವುದಿಲ್ಲ, ಇದೆ ಎಂದು ಹೇಳುವುದೂ ಇಲ್ಲ. ಶಾಲೆಯಿಂದ ಹೊಸ ಪತ್ರ ಬೇಕು. ತಂದೆಯ ಫಾರಂ ಬೇಕು. ಕೊನೆಯಲ್ಲಿ ಒಂದು ಸಾಲು: ಗುರುವಾರ ತಾಯಿಯವರ ಜೊತೆ ನಡೆದ ಮಾತುಕತೆಗೂ ಈ ಪತ್ರಕ್ಕೂ ಹೊಂದಿಕೆಯಾಗುತ್ತಿಲ್ಲ, ಆದ್ದರಿಂದ ತಂದೆಯವರೇ ಸ್ವತಃ ಬರೆದು ದೃಢಪಡಿಸಬೇಕು.

ಕೋರಾ ಆ ಸಾಲನ್ನು ನನಗೆ ತೋರಿಸಿ, "ಏನಮ್ಮ ಇದು? ನೀನು ಅವರಿಗೆ ಏನು ಹೇಳ್ದೆ?" ಎಂದು ಕೇಳಿದಳು. ಆ ಹೆಂಗಸು ಏನೋ ತಪ್ಪಾಗಿ ಬರೆದುಕೊಂಡಿರಬೇಕು ಎಂದೆ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಗ್ರೀಲಿ ಹೊಸ ಪತ್ರ ಬರೆದು, ಈ ಸಲ ನಿಯಮ ಮುರಿದು ನಮಗೆ ತೋರಿಸಿದ. ಅರ್ಧ ಪುಟ. ಮೂರು ವರ್ಷ, ನಾನೂರ ಹನ್ನೆರಡು ಇಳಿತ, ಒಂದರಲ್ಲೂ ತಪ್ಪದ ಎಣಿಕೆ. ಸಮುದ್ರ ಯಾರನ್ನೂ ನುಂಗಿಲ್ಲ ಅದರಲ್ಲಿ. ಓದಿದಾಗ ನನಗೆ ಇಷ್ಟೇನಾ ಎನಿಸಿತು. ಇದನ್ನು ಮೊದಲು ಕಳಿಸಿದ್ದರೆ ಯಾರಾದರೂ ತಲೆ ಎತ್ತಿ ನೋಡುತ್ತಿದ್ದರಾ? ಕೋರಾ ಮಾತ್ರ ಎರಡು ಸಲ ಓದಿ, "ಇದು ನಾನೇ ಸಾರ್" ಎಂದಳು.

ಇನ್ನು ನಿನ್ನ ಕೈಯಲ್ಲಿದೆ. ನೀನು ನನಗೆ ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಂದು ನಿಲ್ಲು ಎಂದು ಕೇಳುತ್ತಿಲ್ಲ. ಏಳು ಪುಟ, ನಾಲ್ಕು ಸಾಲು, ಒಂದು ಸಹಿ. ಹುಟ್ಟುಹಬ್ಬದ ಕಾರ್ಡಿನಲ್ಲಿ ಬರೆಯುವ ಹಾಗೆ ದುಂಡಗೆ ಬರೆ, ಅವಳಿಗೆ ಆ ಅಕ್ಷರ ಗುರುತಿದೆ. ಬೋಟಿನಿಂದ ಇಳಿದವನು ನೇರ ಹೆಂಡದಂಗಡಿಗೆ ಹೋಗಬೇಡ, ನೋಟರಿ ಹತ್ತಿರ ಹೋಗು. ನಿನ್ನನ್ನು ಬಲ್ಲವಳಾಗಿ ಹೇಳುತ್ತಿದ್ದೇನೆ.

ಇಲ್ಲಿ ಮಂಜು ಕರಗಿ ಕೆಸರಾಗುವ ಕಾಲ. ಕೋರಾ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ, ಆದರೆ ಕೆಲಸಕ್ಕೆ ಹೋಗುತ್ತಿದ್ದೇನೆ.

ಕಾಗದದ ಮೇಲಾದರೂ ಇನ್ನೂ ನಿನ್ನ ಹೆಂಡತಿ,
ಲೋರ್ನಾ ಡೆನ್‌ಬೋ

ಮರೆತಿದ್ದು: ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತು, ಅಂಟು ಹಚ್ಚುವ ಮೊದಲು ಇದನ್ನು ಬರೆಯುತ್ತಿದ್ದೇನೆ. ಮರೆತದ್ದಲ್ಲ, ಮುಚ್ಚಿಟ್ಟದ್ದು. ಗುರುವಾರ ಫೋನಿನಲ್ಲಿ ನಾನು ನೆಟ್ಟಗೆ ಹೇಳಿದೆ ಎಂದು ಬರೆದಿದ್ದೇನಲ್ಲ, ಹೇಳಲಿಲ್ಲ. ಆ ಹೆಂಗಸು ಮಾತು ಶುರುಮಾಡಿದ್ದೇ "ನಿಮ್ಮ ಗಂಡನ ವಿಷಯ ಓದಿ ಬಹಳ ಸಂಕಟವಾಯ್ತಮ್ಮ, ಒಬ್ಬರೇ ಮಗೂನ ಇಷ್ಟು ಚೆನ್ನಾಗಿ ಬೆಳೆಸಿದೀರಿ" ಎಂದು. ನಾನು "ಥ್ಯಾಂಕ್ಸ್" ಎಂದೆ. ಮರಣಪತ್ರ ಯಾವಾಗ ಕಳಿಸುತ್ತೀರಿ ಎಂದು ಕೇಳಿದಳು, ಹುಡುಕುತ್ತೇನೆ ಎಂದೆ. ಸೀಟಿನ ಆಸೆಗೆ ಹಾಗಂದೆ ಎಂದು ನೀನು ತಿಳಿಯಬಹುದು. ಅದೂ ಇತ್ತು. ಆದರೆ ನೀನು ಹೋಗಿದ್ದಕ್ಕೆ ಈ ಹನ್ನೊಂದು ವರ್ಷದಲ್ಲಿ ನನಗೆ ಸಮಾಧಾನ ಹೇಳಿದವಳು ಅವಳೊಬ್ಬಳೇ. ಅವಳನ್ನು ತಡೆಯಲು ನನಗೆ ಮನಸ್ಸು ಬರಲಿಲ್ಲ.

ಈಗ ಆ ಕಾಲೇಜಿನ ಕಡತದಲ್ಲಿ ಅಮ್ಮ ಒಂದು ಹೇಳುತ್ತಾಳೆ, ಮಗಳು ಒಂದು ಹೇಳುತ್ತಾಳೆ. ನಿಜ ಹೇಳಿದ ಹುಡುಗಿಯೇ ಸುಳ್ಳಿಯಾಗಿ ಕಾಣುತ್ತಿದ್ದಾಳೆ. ಇದನ್ನು ಡಬ್ಬಿಗೆ ಹಾಕಿ ನೇರ ಶಾಲೆಗೆ ಹೋಗಿ ಕೋರಾಗೆ ಹೇಳುತ್ತೇನೆ, ಆ ಹೆಂಗಸಿಗೂ ಫೋನು ಮಾಡುತ್ತೇನೆ. ಆದರೆ ಇನ್ನು ನನ್ನ ಮಾತನ್ನು ಅವರು ಯಾಕೆ ನಂಬಬೇಕು? ನೀನು ಬದುಕಿದ್ದೀಯ ಎಂದು ಹೇಳಬೇಕಾದಾಗ ನಾನು ಹೇಳಲಿಲ್ಲ ವೇಡ್. ಈಗ ನೀನೇ ಹೇಳಬೇಕು.